ಒಗ್ಗರಣೆ ಇಲ್ಲದ ಸಾರು

ಕೊತ್ತಂಬರಿ ಸೊಪ್ಪು ಸೋಸುವುದು ನನ್ನ ಪಾಲಿಗೆ ಅರ್ಧ ಕೆಲಸ, ಅರ್ಧ ಜಪ. ಹಳದಿ ಎಲೆ ಒಂದು ಕಡೆ, ಬೇರು ಒಂದು ಕಡೆ. ಕೈ ತನ್ನ ಪಾಡಿಗೆ ನಡೆಯುತ್ತಿರುತ್ತದೆ, ಬಾಯಲ್ಲಿ ದೇವರ ನಾಮ. ಹೋದ ಮಂಗಳವಾರವೂ ಹಿತ್ತಲ ಮೆಟ್ಟಿಲ ಮೇಲೆ ಮೊರ ಇಟ್ಟುಕೊಂಡು ಅದನ್ನೇ ಮಾಡುತ್ತಿದ್ದಾಗ ಫೋನು ಬಂತು. ಗೌರಿಬಿದನೂರಿನಿಂದ ರತ್ನಮ್ಮ, ನಮ್ಮ ಬೀಗಿತಿ, ನನ್ನ ಮಗಳು ಭವ್ಯಳ ಅತ್ತೆ. ಅಡುಗೆ ಹೊತ್ತಿನಲ್ಲಿ ಫೋನು ಮಾಡುವವರೇ ಅಲ್ಲ ಅವರು.

"ಅಕ್ಕಾ, ಹುಡುಗಿ ಏನೂ ತಿಂತಿಲ್ಲ. ನಿನ್ನೆಯಿಂದ ಬರೀ ನೀರು, ಅದೂ ಹೊಟ್ಟೇಲಿ ನಿಲ್ತಿಲ್ಲ. ಇಂಗಿನ ಡಬ್ಬಿ ಮುಚ್ಚಳ ತೆಗೆದ್ರೆ ಬಚ್ಚಲಿಗೆ ಓಡ್ತಾಳೆ. ಬೆಳ್ಳುಳ್ಳಿ ಆಗಲ್ಲ, ಸಬ್ಬಸಿಗೆ ಆಗಲ್ಲ, ಕೊತ್ತಂಬರಿ ಸೊಪ್ಪಂತೂ ಕಣ್ಣಿಗೆ ಕಾಣ್ಬಾರ್ದು. ಇವತ್ತೂ ತಿನ್ನದಿದ್ರೆ ನಾಳೆ ಅಡ್ಮಿಟ್ ಮಾಡ್ಬಿಡಿ ಅಂದಿದ್ದಾರೆ ಡಾಕ್ಟ್ರಮ್ಮ. ಏಂ ಚೇಸೇದಿ ಅಕ್ಕಾ, ಏನ್ ಮಾಡ್ಲಿ, ನೀವೇ ಹೇಳಿ."

ಭವ್ಯಳಿಗೆ ಈಗ ಮೂರನೇ ತಿಂಗಳು. ಹಿಂದೊಂದು ಸಲ ಇದೇ ಹೊತ್ತಿಗೆ ಬಸಿರು ಕೈತಪ್ಪಿ ಹೋಗಿತ್ತು. ಆ ಮಾತನ್ನು ರತ್ನಮ್ಮನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನೀವು ನಗಬೇಡಿ, ಮಡಿಲಲ್ಲಿದ್ದ ಕೊತ್ತಂಬರಿ ಕಂತೆಯನ್ನು ದೂರ ತಳ್ಳಿ ಕೈಯನ್ನು ಸೆರಗಿಗೆ ಒರೆಸಿಕೊಂಡೆ, ವಾಸನೆ ಫೋನಿನೊಳಗಿಂದ ಗೌರಿಬಿದನೂರಿಗೆ ಹೋಗಿಬಿಡುತ್ತದೇನೋ ಎಂಬಂತೆ.

ಇಂಗು ಆಗಲ್ಲ, ಬೆಳ್ಳುಳ್ಳಿ ಆಗಲ್ಲ, ಒಗ್ಗರಣೆ ಆಗಲ್ಲ. ಈ ಮಾತನ್ನು ಎಲ್ಲೋ ಕೇಳಿದ್ದೇನಲ್ಲ ಅನ್ನಿಸಿತು. ಎಲ್ಲೋ ಏನು, ಇದೇ ಮನೆಯಲ್ಲಿ. ಹೇಳಿದವರು ನಮ್ಮತ್ತೆ. ಹೇಳಿದ್ದು ಬಸುರಿಯ ವಿಷಯಕ್ಕಲ್ಲ, ರೇಷ್ಮೆ ಹುಳದ ವಿಷಯಕ್ಕೆ.

ನನ್ನ ತವರು ಚಿಂತಾಮಣಿ. ಪೇಟೆಯ ಮನೆ. ಒಗ್ಗರಣೆಯ ಚುಂಯ್ ಸದ್ದು ಮೂರನೇ ಮನೆಗೆ ಕೇಳಿಸಿದರೇ ಅದು ಸಾರು ಎಂದು ನಂಬಿ ಬೆಳೆದವಳು ನಾನು. ಮದುವೆಯಾಗಿ ಸಾದಲಿ ಪಕ್ಕದ ಈ ಹಳ್ಳಿಗೆ ಬಂದಾಗ ಹುಳಕ್ಕೆ ಬೇರೆ ಶೆಡ್ಡು ಇರಲಿಲ್ಲ. ನಡುಮನೆ ತುಂಬ ತಟ್ಟೆಗಳ ಸಾಲು, ಮನುಷ್ಯರು ಮಲಗುವುದು ಜಗುಲಿಯಲ್ಲಿ. ಹುಳಕ್ಕೆ ನಾಲ್ಕನೇ ಜ್ವರ ಕಳೆದು, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಹಗಲೂ ರಾತ್ರಿ ಸೊಪ್ಪು ಮೇಯುತ್ತಿದ್ದ ಸಮಯ. ಹೊಸ ಸೊಸೆ, ಕೈರುಚಿ ತೋರಿಸುವ ಹುಮ್ಮಸ್ಸು ಬೇರೆ. ಎಣ್ಣೆ ಕಾಯಿಸಿ, ಸಾಸಿವೆ ಸಿಡಿಸಿ, ಒಣಮೆಣಸಿನಕಾಯಿ ಮುರಿದುಹಾಕಿ, ತವರಿನಿಂದ ತಂದಿದ್ದ ಇಂಗನ್ನು ಧಾರಾಳವಾಗಿ ಉದುರಿಸಿದೆ.

ಹಿಪ್ಪುನೇರಳೆ ಸೊಪ್ಪು ಬಿಡಿಸುತ್ತಿದ್ದ ನಮ್ಮತ್ತೆ ಅಲ್ಲಿಂದಲೇ ಓಡಿಬಂದು ಬಾಣಲೆ ಮೇಲೆ ತಟ್ಟೆ ಮುಚ್ಚಿದರು. ಹಿತ್ತಲ ಬಾಗಿಲು ತೆಗೆದು ಮೊರದಲ್ಲಿ ಹೊಗೆಯನ್ನು ಹೊರಕ್ಕೆ ಬೀಸಿದರು, ಮನೆಗೆ ನುಗ್ಗಿದ ಹಸುವನ್ನು ಅಟ್ಟುವ ಹಾಗೆ.

"ಯಾವೂರ ಒಗ್ಗರಣೆ ಕಣೇ ತಾಯಿ ಇದು! ಹುಳ ಮೇವು ಬಿಟ್ರೆ ಏನ್ ಗತಿ? ಘಾಟು ವಾಸನೆ ಯಾವ್ದೂ ಆಗಲ್ಲ ಅವಕ್ಕೆ. ಗೂಡು ಕಟ್ಟೋವರ್ಗೂ ಇಂಗಿಲ್ಲ, ಬೆಳ್ಳುಳ್ಳಿ ಇಲ್ಲ, ಒಗ್ಗರಣೆ ಇಲ್ಲ. ಊದುಬತ್ತಿನೂ ಇಲ್ಲ."

"ದೇವ್ರಿಗೂ ಇಲ್ವಾ ಅತ್ತೆ?"

"ದೇವ್ರು ಅರ್ಥ ಮಾಡ್ಕೊಂತಾನೆ. ಹುಳ ಮಾಡ್ಕೊಳಲ್ಲ."

ಆ ಸಲ ಗೂಡು ಚೆನ್ನಾಗಿಯೇ ಆಯಿತು. ದೇವರ ದಯೆ, ಇಲ್ಲದಿದ್ದರೆ ಊರಲ್ಲಿ ನನ್ನ ಇಂಗಿನ ಹೆಸರು ಇವತ್ತಿಗೂ ಉಳಿದಿರುತ್ತಿತ್ತು.

ಹಾಗಂತ ನಮ್ಮತ್ತೆ ಯಾರನ್ನೂ ಸಪ್ಪೆ ಉಣ್ಣಿಸಿದವರಲ್ಲ. ಒಂದು ಬೇಡವೆಂದರೆ ಇನ್ನೊಂದು ಅವರ ಕೈಗೆ ಸಿಗುತ್ತಿತ್ತು. ಖಾರಕ್ಕೆ ಹುರಿದ ಮೆಣಸಿನಕಾಯಿಯ ಬದಲು ಹಸಿಮೆಣಸಿನಕಾಯಿಯನ್ನು ಬೇಳೆಯ ಜೊತೆಗೇ ಬೇಯಿಸಿ ಹಿಸುಕುವುದು. ಸಬ್ಬಸಿಗೆಯ ಬದಲು ಹಿತ್ತಲ ದಂಟಿನ ಸೊಪ್ಪು. ಇಂಗಿನ ಜಾಗದಲ್ಲಿ ಹಸಿಶುಂಠಿಯ ಒಂದು ಚೂರು, ಅದೂ ಜಜ್ಜಿ ಹಾಕಿ ಇಳಿಸುವಾಗ ತೆಗೆದುಬಿಡುವುದು. ಸಾರಿನ ಪುಡಿ ಮುಟ್ಟದೆ ಹಸಿ ತೆಂಗಿನಕಾಯಿಯನ್ನು ನುಣ್ಣಗೆ ರುಬ್ಬಿ ಬೆರೆಸಿ ಒಂದೇ ಕುದಿ. ಹುಳಿಗೆ, ಒಲೆಯಿಂದ ಇಳಿಸಿದ ಮೇಲೆ ನಿಂಬೆಹಣ್ಣು. ಕೊತ್ತಂಬರಿ ಉದುರಿಸುವ ಬದಲು ಎಳೆ ಸೌತೆಕಾಯಿ ತುರಿದು ಪಕ್ಕಕ್ಕೆ. ಒಗ್ಗರಣೆಯ ಬದಲು ಮೇಲೊಂದು ಉಂಡೆ ಬೆಣ್ಣೆ, ಕಾಯಿಸದೆ. ನಮ್ಮ ಮಕ್ಕಳು ಅದಕ್ಕೆ 'ಹುಳದ ಸಾರು' ಎಂದು ಹೆಸರಿಟ್ಟಿದ್ದರು. ಚಿಂತಾಮಣಿಯಿಂದ ಬಂದಿದ್ದ ನಮ್ಮ ಚಿಕ್ಕಮ್ಮ, ಇವತ್ತೇನಡುಗೆ ಅಂತ ಕೇಳಿ, ಭವ್ಯ ಆ ಹೆಸರು ಹೇಳಿದ್ದೇ ತಡ, ಹಸಿವಿಲ್ಲ ಎಂದು ಎದ್ದೇಬಿಟ್ಟಿದ್ದರು!

ಇದನ್ನೆಲ್ಲ ರತ್ನಮ್ಮನಿಗೆ ಒಂದೊಂದಾಗಿ ಹೇಳಿದೆ. ಹೂಂ ಹೂಂ ಎನ್ನುತ್ತಿದ್ದವರು ಕೊನೆಗೆ ತಡೆದರು.

"ಎಲ್ಲಾ ಸರಿ ಅಕ್ಕಾ. ಆದ್ರೆ ಒಗ್ಗರಣೆ ಹಾಕದೆ ಹೆಂಗಿಳಿಸೋದು? ಸೂತಕದ ಮನೇಲಲ್ವಾ ಒಗ್ಗರಣೆ ಬಿಡೋದು? ಬಸುರಿ ಇರೋ ಮನೆ ಇದು. ಒಂದ್ಸಲ ನೋಡಿದ್ದೇ ಸಾಕಾಗಿದೆ. ನನ್ ಕೈಲಿ ಆಗಲ್ಲ. ಚೂರೇ ಚೂರು ಹಾಕ್ಲಾ?"

ಸಾವಾದ ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ, ಇದು ನಮ್ಮ ಕಡೆ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಶಾಸ್ತ್ರ ಮೀರುವ ಧೈರ್ಯ ನನ್ನದೂ ಅಲ್ಲ. ಹಾಕಿ ಎಂದರೆ ಮಗಳು ಮುಟ್ಟುವುದಿಲ್ಲ, ಬೇಡ ಎಂದರೆ ರತ್ನಮ್ಮನ ಮನಸ್ಸಿಗೆ ಮುಳ್ಳು. ಆಗ ನೆನಪಾಯಿತು: ಹೊಸದರಲ್ಲಿ ನಾನೂ ಇದೇ ಅಳುಕನ್ನು ಅತ್ತೆಯ ಮುಂದೆ ಇಟ್ಟಿದ್ದೆ. ಅವರು ತಟ್ಟೆಗೆ ಸೊಪ್ಪು ಹರಡುತ್ತ, ನನ್ನ ಕಡೆ ತಿರುಗಿಯೂ ನೋಡದೆ ಹೇಳಿದ್ದರು. ಅದನ್ನೇ ರತ್ನಮ್ಮನಿಗೆ ಹೇಳಿದೆ.

"ನಮ್ಮತ್ತೆ ಒಂದು ಮಾತು ಹೇಳೋರು ರತ್ನಮ್ಮ. ಅಲ್ಲಿ ಹೋದೋರ ಸಲುವಾಗಿ ಒಗ್ಗರಣೆ ಬಿಡ್ತಾರೆ, ಇಲ್ಲಿ ಬರೋರ ಸಲುವಾಗಿ ಬಿಡ್ತೀವಿ, ಎರಡೂ ಒಂದೇ ಹೆಂಗಾಗುತ್ತೆ ಅಂತ."

ಆ ಕಡೆ ಮೂಗು ಏರಿಸಿದ ಸದ್ದು. ಆಮೇಲೆ, "ಸರೆ ಅಕ್ಕಾ. ದೀಪ ಹಚ್ಚಿ ಆಮೇಲೆ ಬೇಳೆ ಇಡ್ತೀನಿ" ಎಂದರು. ಇನ್ನೊಬ್ಬರ ಮಾತಿಗೆ ಕಿವಿ ಕೊಡುವ ಅತ್ತೆ ನನ್ನ ಮಗಳಿಗೆ ಸಿಕ್ಕಿದ್ದಾರೆ. ಬೆಳಗಿನಿಂದ ದೇವರಿಗೆ ಹೇಳಲು ಬಾಕಿ ಇದ್ದ ಥ್ಯಾಂಕ್ಸಿಗೆ ಇದನ್ನೂ ಸೇರಿಸಿದೆ.

ಆಮೇಲೆ ನನ್ನ ಕೈಗೆ ಯಾವ ಕೆಲಸವೂ ಹತ್ತಲಿಲ್ಲ. ದೇವರ ಮುಂದೆ ಕೂತರೆ ಕಣ್ಣು ಫೋನಿನ ಮೇಲೆ. ನಮ್ಮವರು ಶೆಡ್ಡಿನಿಂದ ಬಂದು, "ಊಟ ಏನು?" ಎಂದರು. "ಇನ್ನೂ ಇಲ್ಲ" ಎಂದೆ. ವಿಷಯ ಕೇಳಿ ಅವರೂ ಮೆಟ್ಟಿಲ ಮೇಲೆ ಕೂತರು.

ಕೊನೆಗೆ ಫೋನು ಬಂತು. ರತ್ನಮ್ಮನದಲ್ಲ, ಭವ್ಯಳದೇ. ದನಿ ಸಣ್ಣಗಿತ್ತು, ಆದರೂ ಅದರಲ್ಲಿ ಹಳೇ ತುಂಟತನದ ಎಳೆ.

"ಅಮ್ಮಾ, ಅತ್ತೆ ಮುದ್ದೆ ಜೊತೆ ಅದೇನೋ ಸಾರು ಕೊಟ್ರು. ತಿಂದು ಆಗ್ಲೇ ತುಂಬಾ ಹೊತ್ತಾಯ್ತು, ಹೊಟ್ಟೇಲೇ ಇದೆ. ಬೆಣ್ಣೆ ಇನ್ನೊಂಚೂರು ಹಾಕಿಸ್ಕೊಂಡೆ. ನಿಜ ಹೇಳು, ಅಜ್ಜಿ ಹುಳದ ಸಾರು ತಾನೇ?"

"ಹೂಂ ಕಣಮ್ಮ."

"ಅಯ್ಯೋ! ಅತ್ತೆಗೆ ಹೆಸರು ಮಾತ್ರ ಹೇಳ್ಬೇಡ. ನಾಳೆನೂ ಅದೇ ಬೇಕು ಅಂದಿದ್ದೀನಿ."

ನಕ್ಕೆ. ನಗುತ್ತಲೇ ಕಣ್ಣು ತುಂಬಿತು. ಮುಂದಿನ ತಿಂಗಳುಗಳನ್ನು ಆ ದೇವರೇ ನಡೆಸಬೇಕು. ಇವತ್ತಿನ ತುತ್ತು ನಿಂತಿದೆ, ಅಷ್ಟನ್ನು ಕಣ್ಣಿಗೊತ್ತಿಕೊಂಡೆ. ನಾಳೆ ಬೆಳಗಿನ ಬಸ್ಸಿಗೆ ಬೆಣ್ಣೆಯ ಡಬ್ಬಿ ಹಿಡಿದು ನಾನೇ ಹೋಗಿಬರುತ್ತೇನೆ ಎಂದೆ. ನಮ್ಮವರು ತಾವೂ ಬರುತ್ತೇನೆ ಎಂದರು.

ಅರ್ಧ ಸೋಸಿದ ಕೊತ್ತಂಬರಿ ಮೊರದಲ್ಲಿ ಬಾಡಿತ್ತು. ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟೆ. ಶೆಡ್ಡು ಬಂದು ಹುಳ ಹೊರಗಾದ ಮೇಲೆ ನಮ್ಮ ಮನೆಯಲ್ಲಿ ಒಗ್ಗರಣೆಗೆ ಅಡ್ಡಿಯಿಲ್ಲ. ಆದರೂ ಆ ದಿನ ಒಗ್ಗರಣೆ ಸೌಟನ್ನು ಗೂಟದಿಂದ ಇಳಿಸಲಿಲ್ಲ. ಕೈ ತೊಳೆದುಕೊಂಡು ಹಿತ್ತಲಿಗೆ ಹೋದೆ, ದಂಟಿನ ಸೊಪ್ಪು ಕೀಳಲು.