ರಾಟೆ ನಿಂತ ಹಾಡು

ಆಗದ ಮಾತು ಎಂದವರು ಇಬ್ಬರು. ನಾನು ಪದವಿ ಮುಗಿಸುವುದಿಲ್ಲ ಎಂದದ್ದು ಸೋದರಮಾವ: "ನೂಲು ಬಿಚ್ಚೋರ್ ಮನೇಗೆ ಡಿಗ್ರಿ ಬಂದಂಗೇ ಬುಡ್ಲಾ!" ನನ್ನ ಹಾಡು ಆಲ್ಬಂಗೆ ಬರುವುದಿಲ್ಲ ಎಂದದ್ದು ನಮ್ಮ ರಾಕ್ ಬ್ಯಾಂಡಿನ ಗಿಟಾರಿನವನು. ಅವರಪ್ಪನದು ಚನ್ನಪಟ್ಟಣದ ಹೆದ್ದಾರಿ ಪಕ್ಕ ಹೋಟೆಲು. ಗಿಟಾರು, ಡ್ರಮ್ಮು, ಮೈಕು ಎಲ್ಲ ಅವನದೇ. ನನ್ನದು ಗಂಟಲು ಮಾತ್ರ.

ಎರಡು ವರ್ಷ ಕಾಲೇಜು ಫೆಸ್ಟುಗಳಲ್ಲಿ ಪ್ರೇಮದ ಹಾಡು ಕಿರುಚಿದ ಮೇಲೆ ಅವನಿಗೆ ಒಂದು ದಿನ ಸಮಾಜ ಕಾಣಿಸಿತು. ಹೊಸ ಆಲ್ಬಂ ಡಾರ್ಕ್ ಆಗಿರಬೇಕಂತೆ. ಎಲ್ಲರಿಗೂ ಕಪ್ಪು ಟೀ ಶರ್ಟ್ ಬಂತು. ಸಾವನದುರ್ಗದ ಬಂಡೆಗೆ ಒರಗಿ, ನಗಬಾರದೆಂದು ಹಲ್ಲು ಕಚ್ಚಿ ಫೋಟೊ ತೆಗೆಸಿಕೊಂಡೆವು. ಅವನು ಬರೆದ ಸಾಲುಗಳಲ್ಲಿ ರಕ್ತವಿತ್ತು, ಬೆಂಕಿಯಿತ್ತು, ‘ವ್ಯವಸ್ಥೆ’ ಇತ್ತು. ಮನುಷ್ಯ ಒಬ್ಬನೂ ಇರಲಿಲ್ಲ.

"ಕತ್ಲು ನೋಡ್ಬೇಕೇನ್ಲಾ? ಬಾ" ಎಂದು ರಾಮನಗರದಲ್ಲಿ ಅವ್ವ ಕೆಲಸ ಮಾಡುವ ರೇಷ್ಮೆ ನೂಲು ಬಿಚ್ಚುವ ಘಟಕಕ್ಕೆ ಕರೆದೊಯ್ದೆ. ಕುದಿನೀರಲ್ಲಿ ಗೂಡು ಬೇಯುತ್ತಿತ್ತು. ಬೆಂದ ಹುಳುವಿನ ವಾಸನೆಗೆ ನಮ್ಮ ಸಮಾಜ ಸುಧಾರಕ ಮೂಗಿಗೆ ಕರ್ಚೀಫು ಹಿಡಿದುಕೊಂಡು ಬಾಗಿಲಲ್ಲೇ ನಿಂತ. ಅವ್ವ ಬಿಸಿನೀರಿಗೆ ಬೆರಳದ್ದಿ ಎಳೆ ಹುಡುಕುತ್ತಿದ್ದಳು; ಎಳೆ ಕಡಿದಾಗ ರಾಟೆ ನಿಲ್ಲಿಸಿ, ಜೋಡಿಸಿ, ಮತ್ತೆ ಬಿಡುತ್ತಿದ್ದಳು. ಆ ಸದ್ದನ್ನು ಫೋನಿನಲ್ಲಿ ಹಿಡಿದುಕೊಂಡು ಅವಳ ಕೈಗಳ ಮೇಲೊಂದು ಹಾಡು ಕಟ್ಟಿದೆ. ರಾಟೆಯೇ ತಾಳ; ಅದು ನಿಂತಲ್ಲಿ ಹಾಡೂ ನಿಲ್ಲುತ್ತಿತ್ತು.

ಗಿಟಾರಿನವನು ಆ ನಿಲುಗಡೆಗಳನ್ನೆಲ್ಲ ಕತ್ತರಿಸಿ, ನಯಮಾಡಿ ತಂದ. "ಮಧ್ಯ ಮಧ್ಯ ನಿಂತ್ರೆ ಜನ ಮಿಸ್ಟೇಕ್ ಅಂದ್ಕತಾರೆ ಕಣ್ಲಾ. ಹಿಂಗಿದ್ರೆ ಸರಿ, ಇಲ್ಲಾಂದ್ರೆ ಈ ಹಾಡೇ ಬ್ಯಾಡ."

"ಎಳೆ ಕಡೀದೆ ಇರೋ ರಾಟೆ ನಿಮ್ಮಪ್ಪನ್ ಹೋಟ್ಲಲ್ಲಿ ಐತೇನ್ಲಾ? ನಿಲ್ಲೋ ಕಡೆ ನಿಲ್ಲುಸ್ದಿದ್ರೆ ಆಲ್ಬಂ ಪೂರ್ತಿ ನೀನೇ ಹಾಡ್ಕ."

ತನ್ನ ಗಂಟಲು ಹೇಗಿದೆಯೆಂದು ಅವನಿಗೂ ಗೊತ್ತಿತ್ತು. ಹಾಡು ಉಳಿಯಿತು, ನಿಲುಗಡೆ ಸಮೇತ.

ಪದವಿ ಪ್ರದಾನದ ದಿನ ಕಾಲೇಜಿನಲ್ಲೇ ಆಲ್ಬಂ ಬಿಡುಗಡೆ. ರಾಟೆ ಮೊದಲ ಸಲ ನಿಂತಾಗ ಹಾಡು ಮುಗಿಯಿತೆಂದುಕೊಂಡು ಸಭೆ ಚಪ್ಪಾಳೆ ತಟ್ಟಿತು. ಎರಡನೇ ಸಲವೂ ತಟ್ಟಿತು. ಮುಂದಿನ ಸಾಲಿನ ಗಣ್ಯರದು ಎಲ್ಲರಿಗಿಂತ ಜೋರು. ಗಿಟಾರಿನವನ ಮುಖ ನಿಜಕ್ಕೂ ಡಾರ್ಕ್ ಆಗಿದ್ದು ಅವತ್ತೇ.

ಆಮೇಲೆ ನನ್ನ ಹೆಸರು ಕೂಗಿದರು. ಪ್ರಮಾಣಪತ್ರ ತೆಗೆದುಕೊಂಡು ನೇರ ಹಿಂದಿನ ಸಾಲಿಗೆ ಹೋಗಿ ಅವ್ವನಿಗೆ ಕೊಟ್ಟೆ. ಪಕ್ಕದಲ್ಲಿ ಕೂತ ಮಾವ ಫ್ಯಾನು ನೋಡುತ್ತಿದ್ದ. ಅವ್ವ ಸೆರಗಿಗೆ ಕೈ ಒರೆಸಿಕೊಂಡು, ಬಿರಿದ ಬೆರಳು ಕಾಗದಕ್ಕೆ ತಾಗದಂತೆ ಅಂಗೈ ಮೇಲೆ ಇಟ್ಟುಕೊಂಡಳು.

"ಅಲ್ಲಿ ರಾಟೆ ನಿಂತ್ರೆ ಮಾಲೀಕ ಬೈತಾನೆ ಕಣ್ಮಗ" ಎಂದಳು. "ಇಲ್ಲಿ ನಿಂತಾಗೆಲ್ಲ ಚಪ್ಪಾಳೆ ತಟ್ಟುದ್ರು."