ತೆಪ್ಪಕ್ಕೊಂದು ತೇಪೆ

ಮೊನ್ನೆ ಭಾನುವಾರ ನಮ್ಮ ಬೀದಿಗೆ ಡಾಂಬರು ಹಾಕಿದರು. ಅಕ್ಕಪಕ್ಕದವರೆಲ್ಲ ಮೂಗು ಮುಚ್ಚಿಕೊಂಡು ಕಿಟಕಿ ಹಾಕಿಕೊಂಡರೆ ನಾನೊಬ್ಬ ಕಿಟಕಿ ತೆರೆದು ನಿಂತಿದ್ದೆ. "ಆ ಹೊಗೆ ಕುಡಿದ್ರೆ ಎದೆ ಕಟ್ಟುತ್ತೆ ಅಂತ ನಮಗೆಲ್ಲ ಹೇಳೋರು ನೀವೇ ತಾನೆ?" ಎಂದಳು ಹೆಂಡತಿ. ನಿಜ, ನಾನೇ. ಬಸ್ಸು ಹತ್ತಿದ ಮೇಲೆ ಗ್ಯಾಸಿನ ನೆನಪಾಗಿ ಮುಂದಿನ ಸ್ಟಾಪಿನಲ್ಲಿ ಇಳಿದು ವಾಪಸ್ಸು ಬರುವವನೂ ನಾನೇ. ಗ್ಯಾಸು ಆಫ್ ಆಗಿರುತ್ತದೆ. ಇಷ್ಟು ವರ್ಷದಲ್ಲಿ ಒಂದು ಸಲವೂ ಅದು ಆನ್ ಆಗಿದ್ದು ನನ್ನ ಮರ್ಯಾದೆ ಉಳಿಸಿದ್ದಿಲ್ಲ. ಆದರೂ ಕಾಸಿದ ಡಾಂಬರಿನ ವಾಸನೆ ಬಂದರೆ ನನಗೆ ಕೆಮ್ಮಿಗಿಂತ ಮೊದಲು ನಗು ಬರುತ್ತದೆ. ಯಾಕೆಂದು ಹೇಳುತ್ತೇನೆ, ಪುರುಸೊತ್ತಿದ್ದರೆ ಕೇಳಿ.

ಗೌರಕ್ಕ ನನ್ನ ದೊಡ್ಡಪ್ಪನ ಮಗಳು. ಅವಳ ಗಂಡ ಮುನಿರಾಜ ಭಾವ ತೆಪ್ಪ ಕಟ್ಟುವವರು. ಹೊಸೂರಿನಿಂದ ಅರ್ಧ ಗಂಟೆ ದೂರ, ಹಿನ್ನೀರಿನ ದಡದಲ್ಲಿ ಅವರದೊಂದು ತಗಡಿನ ಶೆಡ್ಡು. ಬಿದಿರಿನ ದಬ್ಬೆಗಳನ್ನು ದೊಡ್ಡ ಮಂಕರಿಯ ಹಾಗೆ ಹೆಣೆದು, ಹೊರಮೈಗೆ ಪ್ಲಾಸ್ಟಿಕ್ ಚೀಲ ಹೊಲಿದು, ಮೇಲೆ ಕಾಸಿದ ಡಾಂಬರು ಬಳಿದರೆ ತೆಪ್ಪವಾಯಿತು. ತಮಿಳಿನವರು ಪರಿಸಲು ಎನ್ನುತ್ತಾರೆ. ಏನಂದರೂ ಮೀನಿಗೆ ವ್ಯತ್ಯಾಸವಿಲ್ಲ.

ಮೀನು ಹಿಡಿಯುವವರು, ಆಚೆ ದಡದಲ್ಲಿ ಹೂವಿನ ತೋಟವಿರುವವರು, ಎಲ್ಲರ ತೆಪ್ಪವೂ ಭಾವನ ಕೈಯದೇ. ಗೌರಕ್ಕನ ಗುಲಾಬಿ ತೋಟವೂ ಆಚೆ ದಡದಲ್ಲೇ ಇದೆ. ಆದರೆ ಅವಳಿಗೊಂದು ಸ್ವಂತ ತೆಪ್ಪವಿರಲಿಲ್ಲ. ದಿನಾ ಬೆಳಿಗ್ಗೆ ದಡದಲ್ಲಿ ನಿಂತು ಆಚೆಗೆ ಹೋಗುವವರ ದಾರಿ ಕಾಯಬೇಕು. ಹೂವು ಕುಯ್ದ ಮೇಲೆ ಬುಟ್ಟಿ ಹಿಡಿದು ಈಚೆಗೆ ಬರುವವರ ದಾರಿ ಕಾಯಬೇಕು. ಅಷ್ಟರಲ್ಲಿ ಗುಲಾಬಿ ಕತ್ತು ವಾಲಿಸಿರುತ್ತಿತ್ತು.

"ಊರಿಗೆಲ್ಲಾ ತೆಪ್ಪ ಮಾಡಿಕೊಡ್ತಾರೆ ನಿಮ್ ಭಾವ. ಹೆಂಡ್ರನ್ನ ಮಾತ್ರ ದಡದಾಗೆ ನಿಲ್ಸವ್ರೆ," ಎನ್ನುವಳು.

"ಬರೋ ವರ್ಸ ಗ್ಯಾರಂಟಿ ಕಣಮ್ಮಿ," ಎನ್ನುವರು ಭಾವ.

ಹೀಗೆ 'ಬರೋ ವರ್ಷ'ಗಳು ಇಪ್ಪತ್ತೆರಡು ಬಂದು ಹೋದ ಮೇಲೆ, ಈಗ ನಾಲ್ಕು ವರ್ಷದ ಹಿಂದೆ, ಆಯುಧಪೂಜೆಯ ಹೊತ್ತಿಗೆ ಗೌರಕ್ಕನ ತೆಪ್ಪ ಸಿದ್ಧವಾಯಿತು.

ಆ ದಡದವರದೊಂದು ಪದ್ಧತಿ. ಆಯುಧಪೂಜೆಯ ದಿನ ಯಾವ ತೆಪ್ಪವೂ ನೀರಿನಲ್ಲಿರಬಾರದು. ವರ್ಷವೆಲ್ಲ ನೆನೆದದ್ದಕ್ಕೆ ಅವತ್ತು ರಜ. ಎಲ್ಲವನ್ನೂ ಭಾವನ ಶೆಡ್ಡಿಗೆ ಹೊತ್ತು ತಂದು, ಹೊಸ ಡಾಂಬರು ಬಳಿಸಿ, ಗೋಡೆಗೆ ಒರಗಿಸಿ ಪೂಜೆ ಮಾಡುತ್ತಾರೆ. ಹನ್ನೊಂದು ಮನೆಗಳ ಅನ್ನ ಒಂದೇ ತಗಡಿನ ಕೆಳಗೆ! ಅದನ್ನು ಮೊದಲ ಸಲ ನೋಡಿದ ದಿನವೇ ನನ್ನ ನಿದ್ದೆ ಹಾರಿತ್ತು. ನಾನು ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿರುವವನು, ಬೆಂಕಿ ಆರಿಸುವ ತರಬೇತಿಗೆ ಎರಡು ಸಲ ಹೋಗಿ ಎರಡು ಸರ್ಟಿಫಿಕೇಟು ತಂದವನು. ಭಾವನಿಗೆ ಕಾಟ ಕೊಟ್ಟು ಕೊಟ್ಟು, ಬೆಂಕಿ ಆರಿಸುವ ಕೆಂಪು ಸಿಲಿಂಡರೊಂದನ್ನು ಶೆಡ್ಡಿನ ಬಾಗಿಲ ಪಕ್ಕ ನೇತುಹಾಕಿಸಿದ್ದೆ. ಭಾವ ಅದರ ಮೇಲೆ ಟವೆಲು ಒಣಹಾಕುತ್ತಿದ್ದರು.

ಆ ದಿನ ಹೋಗಿ ನೋಡಿದರೆ ಟವೆಲಿಲ್ಲ. ಮಚ್ಚು, ಉಳಿ, ದಬ್ಬಳ, ಹುಟ್ಟುಗಳ ಜೊತೆ ಸಿಲಿಂಡರೂ ಸಾಲಿನಲ್ಲಿ ಕೂತಿದೆ! ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ, ಕೊರಳಿಗೆ ಏಳು ಸುತ್ತು ಚೆಂಡುಹೂವಿನ ಹಾರ.

"ನೋಡ್ದಾ ಬಾಮೈದಾ, ನಿನ್ ಕೆಂಪಣ್ಣನ್ಗೂ ಪೂಜೆ," ಎಂದರು ಭಾವ. ಸುಳ್ಳೇಕೆ, ನನಗೆ ಹೆಮ್ಮೆಯಾಯಿತು. ಆ ಹೆಮ್ಮೆಯಲ್ಲಿ ಪಕ್ಕದಲ್ಲಿದ್ದುದನ್ನು ತಡವಾಗಿ ನೋಡಿದೆ. ಕೊನೆಗೆ ಬಂದ ತೆಪ್ಪವೊಂದಕ್ಕೆ ಬಳಿದು ಆಗಷ್ಟೇ ಒಲೆಯಿಂದ ಇಳಿಸಿದ, ಮೊಣಕಾಲೆತ್ತರದ ಡಾಂಬರಿನ ಡ್ರಮ್ಮೂ ಪೂಜೆಯ ಸಾಲಿನಲ್ಲಿತ್ತು.

"ಭಾವ, ಅದಿನ್ನೂ ಹೊಗೆಯಾಡ್ತಿದೆ."

"ಟಾರಿಲ್ದೆ ತೆಪ್ಪ ಎಲ್ಲೈತೆ? ಅದೂ ಆಯುಧವೇಯ. ಅದಕ್ಕೊಂದು ಮಂಗಳಾರತಿ ಬ್ಯಾಡ್ವಾ?" ಎಂದು ಭಾವ ತಟ್ಟೆ ಎತ್ತಿದರು. ಎರಡನೇ ಸುತ್ತಿನಲ್ಲಿ ಉರಿಯುವ ಕರ್ಪೂರ ತಟ್ಟೆಯಿಂದ ಡ್ರಮ್ಮಿನೊಳಗೆ ಜಾರಿತು.

ಭುಗ್ಗೆಂದು ಎದ್ದ ಬೆಂಕಿ ಆಳೆತ್ತರ. ಯಾರೋ ಬಿಂದಿಗೆ ಹಿಡಿದು ನೀರಿಗೆ ಓಡಿದರು. ಉರಿಯುವ ಡಾಂಬರಿಗೆ ನೀರು ಬಿದ್ದರೆ ಅದು ಸಿಡಿದು ಶೆಡ್ಡಿಗೆ ಶೆಡ್ಡೇ ಹೊತ್ತಿಕೊಳ್ಳುತ್ತದೆ. "ನೀರು ಹಾಕ್ಬೇಡಿ! ತಣ್ಣಿ ಊತ್ತಾದೀಂಗ! ನೀಳ್ಳು ಪೊಯ್ಯೊದ್ದು!" ಎಂದು ಆ ಗಡಿಯೂರಿನ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಕಿರುಚಿದೆ. ಆ ದಿನ ನನ್ನಿಂದಾದ ಉಪಕಾರ ಅಷ್ಟೇ.

ಸಿಲಿಂಡರಿಗೆ ಕೈಹಾಕಿದರೆ ಭಾವ ಅಡ್ಡ ಬಂದರು. "ಪೂಜೆಗಿಟ್ಟಿದ್ನ ನಾಳೆಗಂಟ ಮುಟ್ಟಂಗಿಲ್ಲ ಕಣೋ!" ಗಾಬರಿಯಲ್ಲಿ ಬುದ್ಧಿಗಿಂತ ಮೊದಲು ಅಭ್ಯಾಸ ಮಾತಾಡುತ್ತದೆ. ಅವರನ್ನೇನು ಅನ್ನುವುದು, ಎರಡು ಸರ್ಟಿಫಿಕೇಟಿನ ನಾನು ಆಗ ಮಾಡಿದ್ದೇನು ಗೊತ್ತೇ? ಸಿಲಿಂಡರಿಗೆ ಕೈಮುಗಿದು, ಆಮೇಲೆ ಮುಟ್ಟಿದೆ. ಎಳೆಯಬೇಕಾದ ಪಿನ್ನು ಏಳು ಸುತ್ತು ಹಾರದ ಕೆಳಗೆಲ್ಲೋ ಹೂತಿತ್ತು. ಕೋಳಿಯ ಪುಕ್ಕ ಕೀಳುವವನ ಹಾಗೆ ಚೆಂಡುಹೂವು ಕೀಳುತ್ತಾ ಕೂತೆ.

ಅಷ್ಟರಲ್ಲಿ ಗೌರಕ್ಕ ಬಾಗಿಲಲ್ಲಿ ಹೂವಿನ ಬುಟ್ಟಿಗಳಿಗೆ ಹೊದಿಸಿದ್ದ ಒದ್ದೆ ಗೋಣಿಗಳನ್ನು ಎಳೆದು ಡ್ರಮ್ಮಿನ ಮೇಲೆ ಎಸೆದಳು. ಬೆಂಕಿ ತಗ್ಗಿತು, ಆದರೆ ಅಂಚಿನಿಂದ ನಾಲಿಗೆ ಚಾಚುತ್ತಲೇ ಇತ್ತು. ಅವಳು ಗೋಡೆಯತ್ತ ತಿರುಗಿ ಒಂದು ಗಳಿಗೆ ನಿಂತಳು. ಸಾಲಿನಲ್ಲಿ ಊರವರ ಹನ್ನೊಂದು ತೆಪ್ಪ. ಯಾವುದನ್ನೂ ಮುಟ್ಟಲಿಲ್ಲ. ಕೊನೆಯಲ್ಲಿದ್ದ ಹನ್ನೆರಡನೆಯದನ್ನು, ಇನ್ನೂ ನೀರೇ ಕಾಣದ್ದನ್ನು, ಬಂಡಿಚಕ್ರದ ಹಾಗೆ ಉರುಳಿಸಿಕೊಂಡು ಬಂದಳು.

"ಗೌರೀ, ಅದು ನಿಂದು ಕಣಮ್ಮೀ!" ಎಂದು ಭಾವ ಕೂಗಿದರು.

"ನಂದು, ಅದ್ಕೇಯ!"

ತೆಪ್ಪ ಡ್ರಮ್ಮಿನ ಮೇಲೆ ದಬಕ್ಕೆಂದು ಬೋರಲಾಯಿತು. ಸುತ್ತಲಿಂದ ಕರೀ ಹೊಗೆ ಬಂತು, ಬೂದು ಹೊಗೆ ಬಂತು, ಆಮೇಲೆ ಏನೂ ಬರಲಿಲ್ಲ. ಗೌರಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡು ನಮ್ಮಿಬ್ಬರನ್ನೂ ನೋಡಿದಳು. "ಒಗ್ಗರಣೆಗೆ ಬೆಂಕಿ ಹತ್ತಿದ್ರೆ ಮುಚ್ಳ ಮುಚ್ತಾರೋ, ಹಾರ ಬಿಚ್ತಾ ಕುಂತಿರ್ತಾರೋ?"

ಸರಿಯಾಗಿ ಆ ಹೊತ್ತಿಗೆ ನನ್ನ ಪಿನ್ನು ಕಿತ್ತು ಬಂತು. ಬುಸ್ಸೆಂದು ಹಾರಿದ ಬಿಳೀ ಪುಡಿ ಭಾವನ ಮೇಲೂ, ಹರಿವಾಣದ ಕಡ್ಲೆಪುರಿಯ ಮೇಲೂ ಸಮನಾಗಿ ಬಿತ್ತು. ಭಾವ ತಲೆಯಿಂದ ಕಾಲಿನವರೆಗೆ ವಿಭೂತಿ ಬಳಿದ ಸಾಧುವಿನ ಹಾಗೆ ನಿಂತಿದ್ದರು. ಮೊದಲು ನಕ್ಕವಳು ಗೌರಕ್ಕ. ಆಮೇಲೆ ದಡಕ್ಕೆ ದಡವೇ ನಕ್ಕಿತು.

ತೆಪ್ಪ ಎತ್ತಿ ನೋಡಿದಾಗ ಮಾತ್ರ ಎಲ್ಲರ ನಗು ನಿಂತಿತು. ತಳದಲ್ಲಿ ಊಟದ ತಟ್ಟೆಯಗಲ ಕರಕಲಾಗಿ ಉದುರಿದ ತೂತು. ಗೌರಕ್ಕ ಅದರೊಳಗೆ ಕೈ ತೂರಿಸಿ, ಆಚೆಯಿಂದ ಬೆರಳಾಡಿಸಿದಳು. "ಇದ ಮುಚ್ಚಾಕೆ ಇನ್ನೊಂದಿಪ್ಪತ್ತೆರಡ್ ವರ್ಸ ಬೇಕಾ?" ಎಂದು ತಮಾಷೆಯ ಹಾಗೆ ಕೇಳಿದಳು.

ಭಾವ ಪೂಜೆಯ ಸಾಲಿನ ಮುಂದೆ ಕುಕ್ಕರಗಾಲಲ್ಲಿ ಕೂತು, ದಬ್ಬಳ ಎತ್ತಿಕೊಂಡು, ಅದರ ಕುಂಕುಮವನ್ನು ಪಂಚೆಯ ತುದಿಯಿಂದ ಒರೆಸಿದರು. ನಾಳೆಗಂಟ ಮುಟ್ಟಬಾರದ ದಬ್ಬಳ! ಅದನ್ನು ಕಂಡು ಒಬ್ಬ ಮಚ್ಚು ತೆಗೆದುಕೊಂಡ, ಇನ್ನೊಬ್ಬ ದಬ್ಬೆ ಸೀಳಿದ, ಹನ್ನೊಂದು ಮನೆಯವರೂ ಒಂದೊಂದು ಆಯುಧ ಹಿಡಿದರು. ನಾನು ಬಿಳೀ ಪುಡಿ ಗುಡಿಸಿದೆ. ಸಂಜೆಯೊಳಗೆ ತೇಪೆ ಬಿತ್ತು. ಮಾರನೆಯ ಬೆಳಿಗ್ಗೆ ಗೌರಕ್ಕ ಯಾರನ್ನೂ ಕಾಯದೆ ಆಚೆ ದಡಕ್ಕೆ ಹೋದಳು.

ಮೊನ್ನೆ ಕಿಟಕಿಯಲ್ಲಿ ನಿಂತು ಇಷ್ಟೆಲ್ಲ ನೆನೆಸಿಕೊಂಡ ಮೇಲೆ ಸುಮ್ಮನಿರಲಾಗದೆ ಅವಳಿಗೆ ಫೋನು ಮಾಡಿದೆ. "ಫೋನ್ನಾಗೆ ಏನ್ಲಾ ನಗೋದು? ಹೂವು ಕುಯ್ಯಾಕೆ ಕೈ ಸಾಲ್ದು, ಬಾ," ಎಂದಳು. ಹೋದೆ. ತೆಪ್ಪದೊಳಗೆ ಕೂರಿಸಿಕೊಂಡು ಹುಟ್ಟು ಹಾಕಿದಳು. ನಡುನೀರಿಗೆ ಬಂದಾಗ, ಕೇಳಬಾರದೆಂದುಕೊಂಡಿದ್ದರೂ ಕೇಳಿದೆ: "ಅಕ್ಕಾ, ಆ ತೂತು ಎಲ್ಲಿತ್ತು?"

"ನೀನ್ ಕುಂತಿದ್ದೀಯಲ್ಲ, ಅಲ್ಲೇ."

ನಾನು ಏಳಲಿಲ್ಲ. ಎದ್ದರೆ ತೆಪ್ಪ ಮಗುಚುತ್ತದೆಂಬ ಹೆದರಿಕೆಗೇ ಏಳಲಿಲ್ಲವೆಂದು ನೀವು ಅಂದುಕೊಂಡರೆ ನನ್ನ ತಕರಾರಿಲ್ಲ. ಕೈ ಕೆಳಗಿಟ್ಟು ಮುಟ್ಟಿ ನೋಡಿದೆ. ಒಣಗಿತ್ತು.