ಕಾಟಪ್ಪನ ಹಿಮ್ಮಡಿ

ಹಳೇ ನೆಲದ ಮೇಲೆ ಟೈಲ್ಸ್ ಹಾಕಿಸುವವರು ಮೊದಲು ಕಾಟಪ್ಪನ ಹಟ ಸಹಿಸಬೇಕು. ಟೈಲ್ಸ್ ಪೆಟ್ಟಿಗೆಗಳು ಜಗಲಿಯಲ್ಲಿ ಬಂದು ಬಿದ್ದಿದ್ದರೂ ಶಿರಾದ ಈ ಮೇಸ್ತ್ರಿ ಅತ್ತ ತಿರುಗಿಯೂ ನೋಡುವುದಿಲ್ಲ. ಚಪ್ಪಲಿ ಬಿಟ್ಟು, ಹೆಣ್ಣು ನೋಡಲು ಬಂದ ಬೀಗರಂತೆ ಮೂಲೆಮೂಲೆಯಲ್ಲೂ ಐಬು ಹುಡುಕುತ್ತಾನೆ. ಒಂದು ಚೊಂಬು ನೀರು ಚೆಲ್ಲಿ, ಅದು ಎತ್ತ ಹರಿಯುತ್ತದೆಂದು ಕುಕ್ಕರುಗಾಲಲ್ಲಿ ಕಾಯುತ್ತಾನೆ. ಕನ್ನಡಿಯಂಥ ಗಾರೆಗೂ ಸಿಮೆಂಟು ಕಚ್ಚಿಕೊಳ್ಳಲೆಂದು ಸಿಡುಬಿನ ಕಲೆ ಮೂಡುವಂತೆ ಉಳಿಯೇಟು ಹಾಕುತ್ತಾನೆ. ಯಾರು ಅವಸರ ಮಾಡಿದರೂ ತನ್ನ ಪಾಡಿಗೆ ಕುಟ್ಟುತ್ತಲೇ ಇರುತ್ತಾನೆ. ಮದಲೂರಿನ ಹೊನ್ನಕ್ಕ, "ನೆಲ ಬಂಡೆ ಇದ್ದಂಗೈತೆ, ಮ್ಯಾಲೇ ಅಂಟಿಸ್ಬುಡಪ್ಪ, ಶುಕ್ರವಾರ ಮಗಳ ಸೀಮಂತ!" ಎಂದು ಮೂರು ಸಲ ಕೂಗಿಕೊಂಡರೂ ಅವನು ಬರಿಗಾಲಲ್ಲಿ ಹಿಮ್ಮಡಿ ಕುಟ್ಟುತ್ತ ನಡುಮನೆ ಸುತ್ತುತ್ತಲೇ ಇದ್ದ. ಸರಿಯಾಗಿ ಹಸೆಮಣೆ ಇಡಬೇಕಿದ್ದ ಜಾಗದಲ್ಲಿ ನಿಂತು, "ಇಲ್ಲಿ ನೆಲ ಸುಳ್ಳು ಹೇಳ್ತೈತೆ ಕಣಕ್ಕ" ಎಂದು ಸುತ್ತಿಗೆ ಬೀಸಿದ. ಗಾರೆ ಕುಸಿದು, ಮೊಣಕೈವರೆಗೆ ತೋಳು ಇಳಿಯುವಷ್ಟು ಹೆಗ್ಗಣದ ಬಿಲ ಬಾಯಿ ತೆರೆಯಿತು. ಎದೆ ಹಿಡಿದುಕೊಂಡ ಹೊನ್ನಕ್ಕ, "ಈ ಟೊಳ್ಳು ನಿಂಗೆಂಗ್ ಕೇಳುಸ್ತಪ್ಪಾ?" ಎಂದಳು. ಅವಳ ತುಟಿ ನೋಡಿ ಕಾಟಪ್ಪ ಕಿವಿ ಮುಟ್ಟಿಕೊಂಡ: "ಟೈಲ್ಸ್ ಕುಯ್ಯೋ ಮಷೀನು ಎರಡೂ ಕಿವಿ ತಿಂದ್ಬುಡ್ತು. ಈಗ ಹಿಮ್ಮಡೀಲೇ ಕೇಳೋದು." ಬಿಲಕ್ಕೆ ಜಲ್ಲಿ ತುಂಬಿ, ಬಡಿದು, ಟೈಲ್ಸ್ ಕೂರಿಸಿಯೇ ಅವನು ಎದ್ದ. ಶುಕ್ರವಾರ ಅದೇ ಜಾಗದಲ್ಲಿ ಹಸೆಮಣೆ ಏರಿ ಕೂತ ಮಗಳಿಗೆ ಆರತಿಯಾಯಿತು. ಬಾಗಿಲಲ್ಲಿ ಬರಿಗಾಲಲ್ಲಿ ನಿಂತಿದ್ದ ಕಾಟಪ್ಪನನ್ನು ಹೊಗಳಲು ಹೊನ್ನಕ್ಕ ಈ ಸಲ ಕೂಗಲಿಲ್ಲ. ಅವನ ಕಡೆ ತಿರುಗಿ, ಹಿಮ್ಮಡಿಯಿಂದ ನೆಲವನ್ನು ಮೂರು ಸಲ ಕುಟ್ಟಿದಳು. ಕಾಟಪ್ಪನ ಮುಖ ಅರಳಿತು: "ಕೇಳುಸ್ತು ಕಣಕ್ಕಾ!"